ಅವರೆಕಾಳಿನ ಚಾರ್ಟು

ಬೆಲ್ಲದ ಅಚ್ಚಿನ ಮೇಲೆ ಚಾಕು ಇಟ್ಟು ಚಲುವರಾಜು ಕೇಳಿದ. "ಇದು ನಿಮ್ಮ ಮುತ್ತಾತನ ಹನ್ನೆರಡು ಎಕರೆ. ಅವನಿಗೆ ನಾಲ್ಕು ಜನ ಗಂಡುಮಕ್ಕಳು. ಎಷ್ಟು ಪಾಲು ಮಾಡಲಿ?"

"ನಾಕು ಸಾ," ಎಂದು ಒಂಬತ್ತನೇ ತರಗತಿ ಒಂದೇ ಗಂಟಲಲ್ಲಿ ಹೇಳಿತು. ಬೆಲ್ಲ ಎದುರಿಗಿದ್ದರೆ ಭಾಗಾಕಾರ ಯಾರಿಗೂ ಕಷ್ಟವಲ್ಲ.

ಅಚ್ಚು ನಾಲ್ಕಾಯಿತು. ಒಂದು ತುಂಡನ್ನು ಮೂರು ಮಾಡಿದ, ಅದರಲ್ಲೊಂದನ್ನು ಎರಡು ಮಾಡಿದ. ಇದು ನಿಮ್ಮ ಇಪ್ಪತ್ತು ಗುಂಟೆ ಎಂದು ಎತ್ತಿ ಹಿಡಿದ ಚೂರು ನೆಲ್ಲಿಕಾಯಿಗಿಂತ ದೊಡ್ಡದಿರಲಿಲ್ಲ. ಇಷ್ಟರಲ್ಲೇ ಮನೆ ಕಟ್ಟಬೇಕು, ಬೋರು ಕೊರೆಸಬೇಕು, ಕಬ್ಬು ನೆಡಬೇಕು; ಇನ್ನು ಬದುವಿನ ಹೊಂಗೆಮರಕ್ಕೆ ಜಾಗ ಎಲ್ಲಿ, ಕೆರೆಗೆ ನೀರು ಹರಿಯುವ ಹಳ್ಳಕ್ಕೆ ಜಾಗ ಎಲ್ಲಿ ಎಂದು ಕೇಳುತ್ತ ಬೆಂಚುಗಳ ನಡುವೆ ನಡೆದ. ಮರ ಹೋದರೆ ನೆರಳು ಹೋಯಿತು, ಹಳ್ಳ ಮುಚ್ಚಿದರೆ ಕೆರೆ ಬತ್ತಿತು, ಎಂಬತ್ತು ಅಡಿಗೆ ಸಿಗುತ್ತಿದ್ದ ನೀರು ಆರುನೂರಕ್ಕೆ ಇಳಿಯಿತು. ಕಬ್ಬಿನ ತರಗು ಸುಟ್ಟ ಹೊಗೆ, ನಮ್ಮ ಮೋಟಾರಿನ ಕರೆಂಟಿಗಾಗಿ ಎಲ್ಲೋ ಸುಡುವ ಕಲ್ಲಿದ್ದಲಿನ ಹೊಗೆ, ಎಲ್ಲ ಮೇಲೆ ಸೇರಿ ಭೂಮಿಗೆ ಕಂಬಳಿ ಹೊದಿಸಿದ ಹಾಗಾಯಿತು. ಉಣ್ಣುವ ಬಾಯಿ ಹೆಚ್ಚಿದಷ್ಟೂ ಬಿಸಿ ಹೆಚ್ಚು. ಅಲ್ಲಿಗೆ ಪಾಠ ಮುಗಿಯುತ್ತಿತ್ತು, ಬೆಲ್ಲ ಹಂಚುತ್ತಿದ್ದ.

ಚಿಕ್ಕರಸಿನಕೆರೆ ದಾರಿಯ ಆ ಪ್ರೌಢಶಾಲೆಯಲ್ಲಿ ಹದಿನಾರು ವರ್ಷದಿಂದ ಅವನು ಜನಸಂಖ್ಯೆಯ ಪಾಠವನ್ನು ಹೀಗೇ ಮಾಡುತ್ತ ಬಂದಿದ್ದ. ಪುಸ್ತಕದಲ್ಲಿ ಎರಡು ಪುಟ, ಒಂದು ನಕ್ಷೆ, ಬಾಯಿಪಾಠಕ್ಕೆ ನಾಲ್ಕು ಕಾರಣ. ಅದರಿಂದ ಯಾವ ಮಗುವಿಗೂ ಏನೂ ಹತ್ತುತ್ತಿರಲಿಲ್ಲ. ಬೆಲ್ಲ ಹತ್ತಿತು. ಓದಿ ಹೋದವರು ಟೀ ಅಂಗಡಿಯಲ್ಲಿ ಸಿಕ್ಕರೆ ಈಗಲೂ ಬೆಲ್ಲದ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಹೆಡ್ಮಾಸ್ಟರ್ ವೆಂಕಟೇಶಮೂರ್ತಿಗಳು ಮೇಲಿನವರು ತಪಾಸಣೆಗೆ ಬಂದಾಗಲೆಲ್ಲ ಇದೇ ಪಾಠ ಮಾಡಿಸುತ್ತಿದ್ದರು. ಬಂದವರೂ ಒಂದು ಚೂರು ಬಾಯಿಗೆ ಹಾಕಿಕೊಂಡು, ಬಹಳ ಚೆನ್ನಾಗಿದೆ ಎಂದು ಬರೆದು ಹೋಗುತ್ತಿದ್ದರು; ಪಾಠವೋ ಬೆಲ್ಲವೋ ಯಾರು ಕೇಳುತ್ತಾರೆ.

ಆ ಸೋಮವಾರ ಬೆಲ್ಲ ಹಂಚುತ್ತಿರುವಾಗ ಜೇಬಿನಲ್ಲಿ ಫೋನು ಗುರುಗುಟ್ಟಿತು. ತಮ್ಮ ಅಶೋಕನ ಮೆಸೇಜು. ಅಣ್ಣಾ ಆ ನಂಬರ್ ಕಳಿಸು, ಶನಿವಾರ ಹೋಗಬೇಕು ಎಂದಿತ್ತು.

ಯಾವ ನಂಬರ್ ಎಂದು ಕೇಳುವ ಅಗತ್ಯವಿರಲಿಲ್ಲ. ಅದು ಅವನ ಫೋನಿನಲ್ಲಿ ಪಂಪ್‌ಸೆಟ್ ರಿಪೇರಿ ಎಂಬ ಹೆಸರಿನಲ್ಲಿತ್ತು. ಆ ಕಡೆ ಇದ್ದವನು ಎಂದೂ ಪಂಪ್‌ಸೆಟ್ ಮುಟ್ಟಿದವನಲ್ಲ. ಬಸುರಿ ಹೆಂಗಸರನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ, ಊರಾಚೆಯ ಯಾವುದೋ ತೋಟದ ಮನೆಯಲ್ಲಿ ಹೊಟ್ಟೆಯಲ್ಲಿರುವುದು ಹೆಣ್ಣೋ ಗಂಡೋ ನೋಡಿಸಿ, ಮುಂದಿನದನ್ನೂ ಅಲ್ಲೇ ಮುಗಿಸಿಕೊಡುತ್ತಿದ್ದವನು. ಅಶೋಕನಿಗೆ ನಾಲ್ಕು ವರ್ಷದ ಮಗಳಿದ್ದಳು. ಹೆಂಡತಿ ದೀಪಿಕಳಿಗೆ ಈಗ ಮತ್ತೆ ಮೂರು ತಿಂಗಳು ತುಂಬಿತ್ತು. ಅಣ್ಣತಮ್ಮಂದಿರ ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ. ತಾಯಿ ಮಲ್ಲಿಗಮ್ಮ ಊಟ ಒಂದು ಕಡೆ, ಮಾತು ಎರಡೂ ಕಡೆ ಎಂಬಂತಿದ್ದಳು. ಒಂದು ಸಲ ನೋಡಿಸಿಬಿಡಿ ಎಂದು ಅಶೋಕನಿಗೆ ಮೊದಲು ಹೇಳಿದವಳು ಅವಳೇ.

ಫೋನನ್ನು ಮತ್ತೆ ಜೇಬಿಗಿಟ್ಟ. ಏನಾದರೂ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಜೋಮು ಹಿಡಿದ ಕಾಲಿನ ಹಾಗೆ, ಅಲ್ಲೊಂದು ಜಾಗ ಇದೆ ಎಂಬುದಷ್ಟೇ ಗೊತ್ತಾಗುತ್ತಿತ್ತು. ಅವನು ಹೀಗಾಗಿ ವರ್ಷಗಳೇ ಆಗಿದ್ದವು. ಕೈತೊಳೆದು ಬಂದು ಮಕ್ಕಳಿಗೆ ಮನೆಗೆಲಸ ಹೇಳಿದ. ಶುಕ್ರವಾರ ಶಾಲೆಯಲ್ಲಿ ಪರಿಸರದ ಪ್ರದರ್ಶನ. ಪ್ರತಿಯೊಬ್ಬರೂ ತಮ್ಮ ಮನೆಯ ಮೂರು ತಲೆಮಾರಿನ ಚಾರ್ಟು ಮಾಡಬೇಕು: ಎಷ್ಟು ಜನ, ಯಾರಿಗೆ ಎಷ್ಟು ಜಮೀನು ಬಂತು, ಎಷ್ಟು ಬಾವಿ, ಎಷ್ಟು ಮರ, ಎಷ್ಟು ಮೋಟಾರು. ಜನರನ್ನು ಬರೆಯುವ ಬದಲು ಕಾಳು ಅಂಟಿಸಬೇಕು, ಗಂಡಿಗೆ ಅಲಸಂದೆ, ಹೆಣ್ಣಿಗೆ ಅವರೆ. ಅವನ ಮಗಳು ಗಗನ ಅದೇ ತರಗತಿಯ ಎರಡನೇ ಬೆಂಚಿನಲ್ಲಿದ್ದಳು. ಮನೆಯಲ್ಲಿ ಅಪ್ಪ, ಇಲ್ಲಿ ಸಾರ್. ಅವಳೂ ಎಲ್ಲರಂತೆ ಬರೆದುಕೊಂಡಳು.

ಮಾರನೆಯ ದಿನ ಮಕ್ಕಳು ತಂದ ಲೆಕ್ಕವನ್ನು ಬೋರ್ಡಿನ ಮೇಲೆ ಕೂಡಿಸಲು ನಿಂತ. ಮೂವತ್ತೊಂದು ಮನೆ. ಮುತ್ತಾತಂದಿರ ಕಾಲದಲ್ಲಿ ಇಷ್ಟು, ತಾತಂದಿರ ಕಾಲದಲ್ಲಿ ಇಷ್ಟು ಎಂದು ಹೇಳುತ್ತ ಹೋದರು. ಕೂಡಿಸುತ್ತ ಹೋದವನ ಕೈ ನಿಂತಿತು. ಮೂವತ್ತೊಂದು ಮನೆಗಳಲ್ಲಿ, ತಾತಂದಿರಿಗೆ ಒಬ್ಬಳೇ ಒಬ್ಬಳೂ ಅಕ್ಕತಂಗಿ ಇರಲಿಲ್ಲ. ಹುಟ್ಟಿದವರೆಲ್ಲ ಗಂಡಸರೇ.

ಗಗನ ಎದ್ದು ನಿಂತಳು. "ಸಾರ್, ತಾತಂದಿರ ಸಾಲಿಗೆ ಅವರೆಕಾಳು ಒಂದೂ ಬೇಕಾಗಲಿಲ್ಲ," ಎಂದಳು. ಅಣಕಿಸಲಿಲ್ಲ, ಇದ್ದದ್ದನ್ನು ಹೇಳಿದಳು.

ಚಿಕ್ಕಬೋರಯ್ಯನ ಮೊಮ್ಮಗ ಯೋಗೇಶ ಇದಕ್ಕೆ ಸಮಾಧಾನ ಕೊಟ್ಟ. ಕೊಟ್ಟ ಹೆಣ್ಣನ್ನು ಈ ಮನೆಗೆ ಸೇರಿಸಬಾರದಂತೆ, ಅವಳು ಆ ಮನೆಯ ಲೆಕ್ಕ ಎಂದು ಅವನ ತಾತ ಹೇಳಿದ್ದನಂತೆ. ಆ ಮನೆಯವರನ್ನು ಕೇಳಿದರೆ ಅವಳು ಇಲ್ಲಿ ಹುಟ್ಟಿದವಳಲ್ಲ, ತಂದವಳು ಎಂದಿದ್ದರು. ಅಂತೂ ಎರಡು ಮನೆಯ ನಡುವಿನ ಬೇಲಿಯಲ್ಲಿ ಊರಿನ ಹೆಣ್ಣುಮಕ್ಕಳೆಲ್ಲ ಉದುರಿಹೋಗಿದ್ದರು. ಮಕ್ಕಳ ತಪ್ಪಲ್ಲ ಎಂದು ಚಲುವರಾಜುವಿಗೆ ಗೊತ್ತಿತ್ತು. ಯಾರಿಗೆ ಪಾಲು ಬಂತು ಎಂದು ಕೇಳಿಕೊಂಡು ಬನ್ನಿ ಎಂದವನು ಅವನೇ. ಹದಿನಾರು ವರ್ಷ ಬೆಲ್ಲ ಕತ್ತರಿಸಿದ್ದ, ಒಂದು ಸಲವೂ ಹೆಣ್ಣುಮಗಳಿಗೆಂದು ಒಂದು ಚೂರು ತೆಗೆದಿರಲಿಲ್ಲ.

ಮತ್ತೆ ಹೋಗಿ ಕೇಳಿ ಎಂದ. ಗಂಡಸರನ್ನಲ್ಲ, ಅಜ್ಜಿಯರನ್ನು ಕೇಳಿ. ಹುಟ್ಟಿದವರು, ಕೊಟ್ಟವರು, ಸತ್ತವರು, ಎಲ್ಲರನ್ನೂ ಸೇರಿಸಿ. ಡಸ್ಟರಿನಿಂದ ಬೋರ್ಡು ಒರೆಸುತ್ತಿರುವಾಗ ಯೋಗೇಶ ಇನ್ನೊಂದು ಅನುಮಾನ ತೆಗೆದ.

"ಸಾ, ನಮ್ತಾತನ ಕಾಲ್ದಲ್ಲಿ ಮನೇಲಿ ಇಪ್ಪತ್ತೊಂದ್ ಜನ, ಒಂದೇ ಬಾವಿ. ಈಗ ನಾವ್ ನಾಕೇ ಜನ. ಮೂರು ಬೋರು, ಎಲ್ಡು ಬೈಕು, ಒಂದು ಕಾರು. ಜನ ಕಮ್ಮಿ ಆಗವ್ರೆ, ಮತ್ಯಾಕ್ ಸಾ ಬಿಸಿ ಜಾಸ್ತಿ ಆಯ್ತಾ ಅದೆ?"

ಒಳ್ಳೆಯ ಪ್ರಶ್ನೆ, ಗುರುವಾರ ಹೇಳುತ್ತೇನೆ ಎಂದ ಚಲುವರಾಜು. ಮೇಷ್ಟರಿಗೆ ಉತ್ತರ ತೋಚದಾಗ ಎಲ್ಲ ಪ್ರಶ್ನೆಗಳೂ ಒಳ್ಳೆಯ ಪ್ರಶ್ನೆಗಳೇ.

ಸಂಜೆ ನಾಲೆ ಏರಿಯ ಮೇಲೆ ಬೈಕಿನಲ್ಲಿ ಬರುವಾಗ ಅದೇ ಮಾತು ತಲೆಯಲ್ಲಿ ಕೂತಿತ್ತು. ಒಂಬತ್ತು ವರ್ಷದ ಹಿಂದೆ ಇದೇ ಏರಿಯ ಮೇಲೆ ಹೆಂಡತಿ ವೀಣಳನ್ನು ಹಿಂದೆ ಕೂರಿಸಿಕೊಂಡು ಬಂದಿದ್ದ. ಆ ನಂಬರಿನವನ ಹತ್ತಿರ ಹೋದದ್ದು ಅದು ಎರಡನೇ ಸಲ. ಮೊದಲನೇ ಸಲ ಮಲ್ಲಿಗಮ್ಮನೇ ಜೊತೆಗೆ ಬಂದಿದ್ದಳು. ಎರಡನೆಯದನ್ನು ಅವಳಿಗೂ ತಿಳಿಸಲಿಲ್ಲ. ಕಿರುಗಾವಲಿನ ತೌರಿಗೆ ಹೋಗಿ ಬರುತ್ತೇವೆ ಎಂದು ಹೇಳಿ ಹೋದರು. ವೀಣ ಮೂರು ದಿನ ತೌರಿನಲ್ಲಿ ಮಲಗಿದ್ದಳು. ಕರೆದುಕೊಂಡು ಬರುವಾಗ ಅವಳು ಮಾತಾಡಲಿಲ್ಲ, ಅವನು ಸುಮ್ಮನಿರಲಾರದೆ ಮಾತಾಡಿದ. ಭೂಮಿಗೇ ಭಾರ ಆಗಿದೆ, ಎರಡಕ್ಕಿಂತ ಹೆಚ್ಚು ಬೇಡ, ನಾನೇ ಮಕ್ಕಳಿಗೆ ಹೇಳಿಕೊಡುವವನು, ನಾನೇ ತಪ್ಪಿದರೆ ಹೇಗೆ ಎಂದಿದ್ದ. ಎರಡೇ ಆಗಬೇಕು, ಎರಡರಲ್ಲಿ ಒಂದು ಗಂಡಾಗಲೇಬೇಕು. ಆರತಿಗೊಬ್ಬಳು ಕೀರ್ತಿಗೊಬ್ಬ ಎಂದು ಗಾದೆಯೇ ಇದೆಯಲ್ಲ. ಲೆಕ್ಕ ಎಷ್ಟು ಸರಿಯಾಗಿತ್ತೆಂದರೆ, ಹೇಳುತ್ತ ಹೇಳುತ್ತ ಅವನಿಗೇ ನಂಬಿಕೆ ಬಂದಿತ್ತು. ಪಾಠವನ್ನು ಅವನು ಗಾಯದ ಮೇಲೆ ಅರಿಶಿನ ಮೆತ್ತಿದಂತೆ ಮೆತ್ತಿದ್ದ. ಮತ್ತೆ ಎರಡು ವರ್ಷಕ್ಕೆ ಅಪ್ಪು ಹುಟ್ಟಿದ. ಇಡೀ ಬೀದಿಗೆ ಸಿಹಿ ಹಂಚಿದರು. ವೀಣ ಬೆಳಿಗ್ಗೆ ಎದ್ದಳು, ಹಟ್ಟಿ ಗುಡಿಸಿದಳು, ಅಡಿಗೆ ಮಾಡಿದಳು, ಕರೆದರೆ ಓಗೊಟ್ಟಳು. ಇಬ್ಬರೂ ಅದರ ಮಾತು ಮತ್ತೆ ಎತ್ತಲಿಲ್ಲ. ಅಲ್ಲಿಂದಲೇ ಇರಬೇಕು ಜೋಮು ಹಿಡಿಯಲು ಶುರುವಾದದ್ದು.

ಬುಧವಾರ ಸಂಜೆ ಮಲ್ಲಿಗಮ್ಮ ಜಗಲಿಯ ಮೇಲೆ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಗಗನ ಚಾರ್ಟಿನ ಹಾಳೆ ಹಾಸಿಕೊಂಡು ಎದುರಿಗೆ ಕೂತಿದ್ದಳು, ಪಕ್ಕದಲ್ಲಿ ಒಣಕಾಳಿನ ಎರಡು ಬಟ್ಟಲು, ಗೋಂದಿನ ಬಾಟಲಿ. ಚಲುವರಾಜು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ನೋಟ್‌ಬುಕ್ಕು ತಿದ್ದುತ್ತಿದ್ದ. ಒಳಗೆ ವೀಣ ಮುದ್ದೆಗೆ ಎಸರಿಟ್ಟಿದ್ದಳು.

ಅವರೆಕಾಯಿಯನ್ನು ಮೂಸಿ ನೋಡಿ ಮಲ್ಲಿಗಮ್ಮ ಮುಖ ಹಿಂಡಿದಳು. "ಸೊಗಡೇ ಇಲ್ಲ ಕಣ್ ಮಗ. ಮಂಜು ಬಿದ್ರೆ ತಾನೆ ಸೊಗಡು ಕಟ್ಟೋದು. ಪುಷ್ಯ ಮಾಸ್ದಲ್ಲಿ ಬೆವರ್ತಾ ಕುಂತಿವ್ನಿ ನಾನು." ಅದನ್ನೂ ಬರೆದುಕೋ ಎಂದಳು. ಗಗನ ಚಾರ್ಟಿನ ಮೂಲೆಯಲ್ಲಿ, ಮಂಜು ಇಲ್ಲ, ಅವರೆಗೆ ಸೊಗಡಿಲ್ಲ ಎಂದು ಬರೆದುಕೊಂಡಳು.

ಆಮೇಲೆ ಎಣಿಕೆ. ಮಲ್ಲಿಗಮ್ಮನಿಗೆ ಕಾಗದ ಬೇಕಿರಲಿಲ್ಲ. ಕಾಯಿ ಸುಲಿಯುತ್ತಲೇ ಒಂದೊಂದು ಹೆಸರಿಗೆ ಒಂದೊಂದು ಕಾಳನ್ನು ಮೊರದ ಅಂಚಿಗೆ ಸರಿಸಿದಳು. ಅತ್ತೆಗೆ ಒಂಬತ್ತು ಹುಟ್ಟಿದ್ದವು, ಆರು ಉಳಿದವು, ಅದರಲ್ಲಿ ಎರಡು ಹೆಣ್ಣು. ಒಬ್ಬಳನ್ನು ಮಳವಳ್ಳಿ ಕಡೆ ಕೊಟ್ಟಿತ್ತು, ಒಬ್ಬಳು ಬಾಣಂತನದಲ್ಲಿ ಹೋದಳು. ತನಗೆ ಐದು. ಎರಡು ಹೆಣ್ಣು, ಎರಡು ಗಂಡು, ಮತ್ತೊಂದು ಹೆಣ್ಣು ಹೆಸರಿಡುವ ಮೊದಲೇ ಜ್ವರದಲ್ಲಿ ಹೋಯಿತು. ಚಲುವರಾಜುವಿಗೆ ಇದು ಗೊತ್ತಿರಲಿಲ್ಲ. ನಲವತ್ತನಾಲ್ಕು ವರ್ಷದಿಂದ ನಾವು ನಾಲ್ಕು ಜನ ಎಂದೇ ಹೇಳಿಕೊಂಡು ಬಂದಿದ್ದ.

"ನಮ್ಮವ್ವಂದು?" ಎಂದು ಗಗನ ಕೇಳಿದಳು.

ಮಲ್ಲಿಗಮ್ಮ ಒಂದು ಕಾಳು ಸರಿಸಿದಳು. "ಇದು ನೀನು." ಇನ್ನೊಂದು ಸರಿಸಿದಳು. "ಇದು ನಿನ್ ಬೆನ್ನಿಗೆ ಬಂದದ್ದು. ನಾನೇ ಜೊತೇಲಿ ಓಗಿದ್ದೆ, ತಗುಸ್ಕಂಡ್ ಬಂದೊ." ಆಮೇಲೆ ಅಲಸಂದೆಯ ಬಟ್ಟಲಿಗೆ ಕೈ ಹಾಕಿ, "ಇದು ಅಪ್ಪು."

"ತಗ್ಸಿದ್ದ್ಯಾಕಜ್ಜಿ? ಅದುಕ್ಕೇನಾಗಿತ್ತು?"

"ಏನೂ ಆಗಿರ್ಲಿಲ್ಲ ಕಣ್ ಮಗ. ಎಣ್ಣು ಅಂದ್ರು."

ಜ್ವರದಲ್ಲಿ ಹೋದ ಮಗುವಿನ ಮಾತು ಆಡಿದ ದನಿಯಲ್ಲೇ ಅದನ್ನೂ ಆಡಿ, ಮಲ್ಲಿಗಮ್ಮ ಇನ್ನೊಂದು ಕಾಯಿ ಸುಲಿದಳು. ಒಳಗೆ ಮುದ್ದೆ ಕೋಲಿನ ಸದ್ದು ನಿಂತಿತು. ಚಲುವರಾಜು ಕೆಂಪು ಪೆನ್ನು ಹಿಡಿದು ಕಾದ. ವೀಣ ಹೊರಗೆ ಬಂದು ಒಂದಲ್ಲ ಎರಡು ಎನ್ನುತ್ತಾಳೆ ಎಂದು ಕಾದ. ಗಗನ ತನ್ನ ಕಡೆ ತಿರುಗಿ ಏನಾದರೂ ಕೇಳುತ್ತಾಳೆ ಎಂದು ಕಾದ. ಕೋಲಿನ ಸದ್ದು ಮತ್ತೆ ಶುರುವಾಯಿತು. ಗಗನ ತಲೆ ತಗ್ಗಿಸಿ, ಒಂದು ಅವರೆಕಾಳಿಗೆ ಗೋಂದು ಹಚ್ಚಿ ತನಗೂ ತಮ್ಮನಿಗೂ ನಡುವೆ ಇಟ್ಟಳು. ಆಮೇಲೆ ಏನನ್ನಿಸಿತೋ, ಅದನ್ನು ಎತ್ತಿ, ಸ್ವಲ್ಪ ಪಕ್ಕಕ್ಕೆ, ಚಾರ್ಟಿನ ಅಂಚಿನ ಗೆರೆಯ ಆಚೆಗೆ ಅಂಟಿಸಿದಳು. ಲೆಕ್ಕ ಇನ್ನೂ ಒಂದು ಕಮ್ಮಿ ಇದೆ ಎಂದು ಅವನು ಹೇಳಬಹುದಿತ್ತು. ಮುಂದಿನ ನೋಟ್‌ಬುಕ್ಕು ತೆಗೆದ.

ಚಿಕ್ಕಮ್ಮನ ಲೆಕ್ಕ ಬಂತು. ಒಬ್ಬಳು ಮಗಳು, ಹೊಟ್ಟೆಯಲ್ಲಿ ಒಂದು. ಅದಕ್ಕೆ ಯಾವ ಕಾಳು ಎಂದು ಗಗನ ಕೇಳಿದಾಗ ಮಲ್ಲಿಗಮ್ಮ, ಅದನ್ನೇ ಅಲ್ಲವಾ ಎಲ್ಲರೂ ಕೇಳುತ್ತಿರುವುದು ಎಂದು ನಕ್ಕಳು. ಗಗನ ನಗಲಿಲ್ಲ. ಅಡಿಗೆಮನೆಯಿಂದ ಒಂದು ಕುಂಬಳದ ಬೀಜ ತಂದು ದೀಪಿಕ ಚಿಕ್ಕಮ್ಮನ ಕೆಳಗೆ ಅಂಟಿಸಿದಳು. ಗೆರೆಯ ಒಳಗೇ ಅಂಟಿಸಿದಳು.

ಗುರುವಾರ ಮೂವತ್ತೊಂದು ಚಾರ್ಟುಗಳು ಬಂದವು. ಚಲುವರಾಜು ಸ್ಟಾಫ್ ರೂಮಿನಲ್ಲಿ ಒಂದೊಂದನ್ನೇ ಬಿಚ್ಚಿ ನೋಡಿದ. ಅಜ್ಜಿಯರು ಬಾಯಿ ಬಿಟ್ಟಿದ್ದರು. ಸೋದರತ್ತೆಯರು, ದೊಡ್ಡಮ್ಮಂದಿರು, ಹೆರಿಗೆಯಲ್ಲಿ ಹೋದವರು, ಎಲ್ಲ ಅವರೆಕಾಳುಗಳೂ ಬಂದು ಕೂತಿದ್ದವು. ಹನ್ನೊಂದು ಚಾರ್ಟುಗಳಲ್ಲಿ ಗೆರೆಯ ಆಚೆಗೆ ಕಾಳುಗಳಿದ್ದವು. ಕೆಲವದರಲ್ಲಿ ಒಂದು, ಕೆಲವದರಲ್ಲಿ ಎರಡು, ಒಂದರಲ್ಲಿ ಮೂರು. ಹಾಗೆ ಮಾಡಿ ಎಂದು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಅದರ ಪಕ್ಕ ಯಾರೂ ಏನೂ ಬರೆದಿರಲಿಲ್ಲ. ಗೆರೆಯ ಆಚೆ ಇದ್ದದ್ದೆಲ್ಲ ಅವರೆಯೇ, ಒಂದೂ ಅಲಸಂದೆ ಇರಲಿಲ್ಲ.

ತರಗತಿಗೆ ಹೋಗಿ ಯೋಗೇಶನ ಪ್ರಶ್ನೆಗೆ ಉತ್ತರ ಹೇಳಿದ. ಇಪ್ಪತ್ತೊಂದು ಜನ ಒಂದು ಬಾವಿಯಿಂದ ಸೇದಿ ಕುಡಿದದ್ದಕ್ಕಿಂತ, ನಾಲ್ಕು ಜನ ಮೂರು ಬೋರಿನಿಂದ ಎತ್ತಿದ ನೀರು ಹೆಚ್ಚು. ತಲೆ ಎಣಿಸಿದರೆ ಸಾಲದು, ಒಂದೊಂದು ತಲೆಗೆ ಎಷ್ಟು ಕರೆಂಟು, ಎಷ್ಟು ಎಣ್ಣೆ, ಎಷ್ಟು ಹೊಗೆ ಎಂದೂ ಎಣಿಸಬೇಕು. ಜನ ಹೆಚ್ಚಾದರೆ ಭಾರ ಹೌದು. ಆದರೆ ಕಡಿಮೆ ಜನವೂ ದೊಡ್ಡ ಭಾರ ಹಾಕಬಲ್ಲರು. ಹದಿನಾರು ವರ್ಷ ನಾನು ಅರ್ಧ ಪಾಠ ಮಾಡಿದೆ ಎಂದ. ಮಕ್ಕಳು ಬರೆದುಕೊಂಡರು. ಮೇಷ್ಟ್ರು ತಪ್ಪೊಪ್ಪಿಕೊಂಡಿದ್ದೂ ಪರೀಕ್ಷೆಗೆ ಬರಬಹುದು ಎಂದುಕೊಂಡರೋ ಏನೋ.

ಶಾಲೆ ಬಿಟ್ಟಾಗ ಗೇಟಿನ ಹೊರಗೆ ಅಶೋಕ ಬೈಕಿನ ಮೇಲೆ ಕೂತಿದ್ದ. ಅವನಿಗೆ ಚಾರ್ಟಿನ ವಿಷಯ ಗೊತ್ತಾಗಿತ್ತು. ಗಗನ ಅದನ್ನು ಮಡಚುವ ಮೊದಲು ಚಿಕ್ಕಮ್ಮನಿಗೆ ತೋರಿಸಿ ಹೋಗಿದ್ದಳು. ಅಶೋಕ ಜಗಳಕ್ಕೆ ಬಂದಿರಲಿಲ್ಲ, ಬೇಡಿಕೊಳ್ಳುವವನ ಹಾಗೆ ಮಾತಾಡಿದ. ನಾಳೆ ಪ್ರದರ್ಶನಕ್ಕೆ ಆಶಾ ಕಾರ್ಯಕರ್ತೆ ರೂಪ ಬರುತ್ತಾಳೆ, ಹುಡುಗಿಯರ ರಕ್ತ ಪರೀಕ್ಷೆಗೆ ಮೇಜು ಹಾಕುತ್ತಾರೆ. ಅವಳು ಆ ಬೀಜ ಕಂಡರೆ ಅಲ್ಲೇ ತಾಯಿ ಕಾರ್ಡು ಬರೆಯುತ್ತಾಳೆ. ಕಾರ್ಡಾದರೆ ಹೆಸರು ಮೇಲಕ್ಕೆ ಹೋಯಿತು, ತಿಂಗಳು ತಿಂಗಳೂ ಮನೆಗೆ ಬಂದು ಕೇಳುತ್ತಾಳೆ. ನೋಡಿಸಿಕೊಂಡು ಬರುವ ತನಕ ಕಾರ್ಡು ಮಾಡಿಸಬಾರದು ಎಂಬುದು ಈ ಕಡೆಯ ಎಲ್ಲ ಮನೆಗಳಿಗೂ ಗೊತ್ತಿದ್ದ ಮಾತು. ವೀಣಳಿಗೂ ಎರಡು ಸಲ ಹಾಗೇ ಮಾಡಿದ್ದರು.

"ಅದೊಂದ್ ಚಾರ್ಟು ಆಕ್ಬ್ಯಾಡ ಕಣಣ್ಣ. ನಂಬರ್ ಕೊಡು, ಸನಿವಾರ ಓಗ್ ಬಂದ್ಬುಡ್ತೀವಿ."

"ದೀಪಿಕ ಏನಂದ್ಲು?"

"ಅವ್ಳೇನಂದಾಳು. ಸುಮ್ನವ್ಳೆ."

ನೋಡೋಣ ಎಂದ ಚಲುವರಾಜು. ಅಶೋಕ ಬೈಕಿಗೆ ಕೀ ಹಾಕಿ, ತಿರುಗಿಸದೆ ಕೂತ.

"ನಿಂಗಾದ್ರೆ ಆಗ್ಬೋದು, ನಂಗಾದ್ರೆ ಆಗ್ಬಾರ್ದಾ? ನಿಂಗೆ ಅಪ್ಪು ಅವ್ನೆ, ನೀನು ನೋಡನ ಅಂತೀಯ."

ತಾನು ಹತ್ತಿದ ಏಣಿಯನ್ನು ತಾನೇ ಒದ್ದಂತೆ ಕಾಣುತ್ತಿತ್ತು, ಅದೂ ನಿಜವೇ. ಬೈಕು ಹೋದ ಮೇಲೆ ಚಲುವರಾಜು ಫೋನು ತೆಗೆದು ಪಂಪ್‌ಸೆಟ್ ರಿಪೇರಿ ಎಂಬ ಹೆಸರನ್ನು ಹುಡುಕಿದ. ಕಳಿಸು ಎಂಬ ಗುರುತು ಒಂದು ಕಡೆ, ಅಳಿಸು ಎಂಬ ಗುರುತು ಇನ್ನೊಂದು ಕಡೆ. ಹೆಬ್ಬೆರಳು ಎರಡರ ಮೇಲೂ ಆಡಿತು, ಯಾವುದನ್ನೂ ಒತ್ತಲಿಲ್ಲ. ಪರದೆ ತಾನಾಗಿ ಕಪ್ಪಾಯಿತು. ಮದ್ದೂರಿನ ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಅವನು ಮನೆಗೆ ಹೋಗಿ ಉಂಡು ಮಲಗಿದ.

ಶುಕ್ರವಾರ ಬೆಳಿಗ್ಗೆ ಶಾಲೆಯ ಹಾಲ್‌ನ ಗೋಡೆಗೆ ಚಾರ್ಟುಗಳನ್ನು ಹಾಕುವ ಕೆಲಸ. ಗಗನ ಪಿನ್ನಿನ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಬುಧವಾರದಿಂದ ಅವಳು ಅಪ್ಪನ ಹತ್ತಿರ ಬೇಕಾದಷ್ಟೇ ಮಾತಾಡಿದ್ದಳು, ಉಪ್ಪು ಕೊಡು, ಪೆನ್ನು ಕೊಡು. ಮೂವತ್ತು ಚಾರ್ಟು ಮುಗಿದು ಮೂವತ್ತೊಂದನೆಯದು ಕೈಗೆ ಬಂತು. ಬಿಚ್ಚಿದ. ಕುಂಬಳದ ಬೀಜ ಬೆಳ್ಳಗೆ, ದೂರದಿಂದಲೂ ಕಾಣುವಂತಿತ್ತು. ಉಗುರಿನಲ್ಲಿ ಎಬ್ಬಿಸಿದರೆ ಆಯಿತು, ಯಾರಿಗೂ ತಿಳಿಯುವುದಿಲ್ಲ. ಅವನು ಬೀಜದ ಅಂಚಿಗೆ ಉಗುರು ಇಟ್ಟ. ಗಗನ ಆ ಉಗುರನ್ನೇ ನೋಡುತ್ತಿದ್ದಳು. ಅವಳ ಅವ್ವ ನೋಡುವ ಹಾಗೆಯೇ ನೋಡುತ್ತಿದ್ದಳು, ಕೇಳದೆ, ಕಾಯದೆ, ಏನಾಗುತ್ತದೆಂದು ಮೊದಲೇ ಗೊತ್ತಿರುವವರ ಹಾಗೆ.

ಹದಿನಾಲ್ಕು ವರ್ಷಕ್ಕೇ ಈ ನೋಟ ಬಂದುಬಿಟ್ಟಿತೆ ಎಂದು ಅವನಿಗೆ ಹೆದರಿಕೆಯಾಯಿತು. ವರ್ಷಗಳ ಮೇಲೆ ಮೊದಲ ಸಲ ಏನೋ ಒಂದು ಅನ್ನಿಸಿದ್ದು ಅದು. ಉಗುರು ತೆಗೆದ. "ಪಿನ್ನು ಕೊಡು," ಎಂದ. ನಾಲ್ಕು ಮೂಲೆಗೂ ಪಿನ್ನು ಚುಚ್ಚಿದ, ನಡುವೆ ಇನ್ನೊಂದು ಚುಚ್ಚಿದ.

ಹತ್ತೂವರೆಗೆ ಜನ ಬರಲು ಶುರುವಾದರು. ವೆಂಕಟೇಶಮೂರ್ತಿಗಳು ಬೆಲ್ಲದ ತಟ್ಟೆಯನ್ನು ಚಲುವರಾಜುವಿನ ಕೈಗೆ ಕೊಟ್ಟು ಬಂದವರಿಗೆ ಹಂಚಲು ಹೇಳಿದರು. ಅಪ್ಪಂದಿರು ಮೋಟಾರಿನ ಲೆಕ್ಕ ನೋಡಿ ನಗುತ್ತ, ನಿನಗೆಷ್ಟು ನನಗೆಷ್ಟು ಎಂದು ಅಳೆಯುತ್ತಿದ್ದರು. ಅವ್ವಂದಿರು ಬೇರೆ ಥರ ನೋಡುತ್ತಿದ್ದರು. ಒಂದು ಚಾರ್ಟಿನ ಮುಂದೆ ನಿಂತು, ಗೆರೆಯ ಆಚೆಯ ಕಾಳನ್ನು ಕಂಡು, ಸೆರಗು ಸರಿಮಾಡಿಕೊಂಡು ಮುಂದಿನದಕ್ಕೆ ಹೋಗುವರು. ಅಲ್ಲೂ ಒಂದು ಕಾಣುವುದು. ಸ್ವಲ್ಪ ಹೊತ್ತಿಗೆ ಹಾಲಿನಲ್ಲಿ ಹೆಂಗಸರ ಮಾತು ನಿಂತೇಹೋಯಿತು. ಮೂಲೆಯ ಮೇಜಿನಲ್ಲಿ ರೂಪ ಹುಡುಗಿಯರ ಬೆರಳು ಚುಚ್ಚಿ ರಕ್ತ ತೆಗೆಯುತ್ತಿದ್ದಳು.

ವೀಣ ಬಂದಳು, ಹಿಂದೆ ದೀಪಿಕ. ಪ್ರದರ್ಶನಕ್ಕೆ ವೀಣ ಎಂದೂ ಬಂದವಳಲ್ಲ. ಗಗನಳ ಚಾರ್ಟಿನ ಮುಂದೆ ನಿಂತು ಮೇಲಿನಿಂದ ಕೆಳಗಿನವರೆಗೆ ಓದಿದಳು, ಮಂಜಿನ ಮಾತನ್ನೂ ಓದಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ಅವರೆಕಾಳು ತೆಗೆದಳು. ಮನೆಯಿಂದಲೇ ಕಟ್ಟಿಕೊಂಡು ಬಂದಿದ್ದಳು. ಗಗನಳ ಕಡೆ ಕೈ ಚಾಚಿ ಗೋಂದು ಕೇಳಿದಳು.

"ಅಜ್ಜಿಗೆ ಗೊತ್ತಿಲ್ಲ," ಎಂದಳು. "ಇನ್ನೊಂದದೆ."

ಗೆರೆಯ ಆಚೆಯ ಕಾಳಿನ ಪಕ್ಕದಲ್ಲಿ ಎರಡನೆಯದನ್ನು ಇಟ್ಟು ಬೆರಳಿನಿಂದ ಒತ್ತಿ ಹಿಡಿದಳು. ದೀಪಿಕ ಆ ಎರಡು ಕಾಳನ್ನು ನೋಡಿದಳು, ಕೆಳಗಿನ ಕುಂಬಳದ ಬೀಜವನ್ನು ನೋಡಿದಳು.

"ಎಲ್ಡಾ ಅಕ್ಕ?" ಎಂದಳು, ತೀರ ಸಣ್ಣ ದನಿಯಲ್ಲಿ. ವೀಣ ಕಾಳನ್ನು ಇನ್ನಷ್ಟು ಒತ್ತಿದಳು. ದೀಪಿಕ ಹಾಲಿನ ಆ ಮೂಲೆಗೆ ನಡೆದು ಹೋದಳು. ಹುಡುಗಿಯರ ಸಾಲಿನ ಕೊನೆಯಲ್ಲಿ ನಿಲ್ಲಲಿಲ್ಲ, ನೇರ ಮೇಜಿನ ಬಳಿ ಹೋಗಿ ರೂಪಳಿಗೆ ಬಗ್ಗಿ ಏನೋ ಹೇಳಿದಳು. ರೂಪ ತಲೆಯೆತ್ತಿ ನೋಡಿ, ಚೀಲದಿಂದ ಹೊಸದೊಂದು ತಾಯಿ ಕಾರ್ಡು ತೆಗೆದು, ಹೆಸರು ಕೇಳಿದಳು.

ಚಲುವರಾಜುವಿನ ಜೇಬಿನಲ್ಲಿ ಫೋನು ಗುರುಗುಟ್ಟಿತು. ನಿಂತಿತು. ಮತ್ತೆ ಗುರುಗುಟ್ಟಿತು. ಕೈಯಲ್ಲಿ ಬೆಲ್ಲದ ತಟ್ಟೆ ಇತ್ತು. ಅವನು ಅದನ್ನು ಕೆಳಗಿಡಲೂ ಇಲ್ಲ, ಫೋನು ತೆಗೆಯಲೂ ಇಲ್ಲ. ಒಂದು ಚೂರಿಗೆ ಇರುವೆ ಹತ್ತಿತ್ತು. ಗೋಡೆಯ ಬಳಿ ವೀಣ ಇನ್ನೂ ಹಾಗೇ ನಿಂತಿದ್ದಳು. ಅವಳ ಹಿಂದೆ ನೋಡಲು ಬಂದ ಹೆಂಗಸರು ಸಾಲಾಗಿ ಕಾಯುತ್ತಿದ್ದರು, ಪಕ್ಕಕ್ಕೆ ಸರಿ ಎಂದು ಯಾರೂ ಅನ್ನಲಿಲ್ಲ. ಗೋಂದು ಒಣಗುವ ತನಕ ಅವಳು ಬೆರಳು ತೆಗೆಯಲಿಲ್ಲ.